ಅತ್ತಿಗೆ ಹೊರಡಿಸಿದ ಹಾಯಿದೋಣಿ

ನಮ್ಮ ಅತ್ತಿಗೆ ಆಸ್ಪತ್ರೆಯಲ್ಲಿ ಹಿರಿಯ ನರ್ಸು. ನಲವತ್ತೆರಡು ನರ್ಸುಗಳ ಡ್ಯೂಟಿ ಪಟ್ಟಿ ಬರೆಯುವುದು ಅವರೇ. ಯಾರ ಮಗುವಿಗೆ ಪರೀಕ್ಷೆ, ಯಾರ್ಯಾರ ನಡುವೆ ಮಾತಿಲ್ಲ, ಯಾರಿಗೆ ಸೋಮವಾರ ಬಂದರೆ ತಪ್ಪದೆ ಹೊಟ್ಟೆನೋವು, ಇದೆಲ್ಲವನ್ನೂ ತಲೆಯಲ್ಲಿಟ್ಟುಕೊಂಡು ಪ್ರತಿ ತಿಂಗಳೂ ಒಂದು ದೊಡ್ಡ ಹಾಳೆಯಲ್ಲಿ ಪೆನ್ಸಿಲಿನಿಂದ ಚೌಕ ಹಾಕಿ ತುಂಬುತ್ತಾರೆ. ಆದ್ದರಿಂದ ಅವತ್ತು ಅವರ ಮನೆಯ ಊಟದ ಮೇಜಿನ ಮೇಲೆ ಅಂಥದ್ದೇ ಹಾಳೆ ಹರಡಿದ್ದನ್ನು ಕಂಡಾಗ ನನಗೇನೂ ವಿಶೇಷ ಅನ್ನಿಸಲಿಲ್ಲ. ನಾನು ಎಲೆಕ್ಟ್ರಿಷಿಯನ್. ತಿರುಗದೆ ನಿಂತ ಫ್ಯಾನು ಬಿಚ್ಚಲು ಸ್ಟೂಲು ಹತ್ತಿದವನು ಮೇಲಿನಿಂದ ಸುಮ್ಮನೆ ಇಣುಕಿದೆ. ಇದ್ದದ್ದು ಎಂಟೇ ಹೆಸರು. ಅದರಲ್ಲಿ ಒಂದು ನನ್ನದು.

"ಏನತ್ತಿಗೆ, ನನ್ನ ಕೈಗೂ ಸೂಜಿ ಕೊಡೋ ಯೋಚನೆನಾ?"

"ಮೊದಲು ಕೆಳಗಿಳಿ. ಅಲ್ಲಿ ನಿಂತು ಕೇಳಿದ್ರೆ ಬಿದ್ದುಬಿಡ್ತೀಯ."

ಇಳಿದೆ. ಅತ್ತಿಗೆ ವಿಷಯ ಹೇಳಿದರು. ಐದು ದಿನ, ಎಂಟು ಜನ, ಒಂದು ಕ್ಯಾಟಮರಾನ್. ಎರಡು ಉದ್ದನೆಯ ಒಡಲುಗಳನ್ನು ಪಕ್ಕಪಕ್ಕ ನಿಲ್ಲಿಸಿ ಮೇಲೊಂದು ಅಟ್ಟ ಕೂರಿಸಿದಂಥ ಹಾಯಿದೋಣಿ. ನಡೆಸುವುದಕ್ಕೆ ದೋಣಿಯ ಜೊತೆಗೇ ಒಬ್ಬ ಕ್ಯಾಪ್ಟನ್ ಬರುತ್ತಾರೆ. ತೀರದುದ್ದಕ್ಕೂ ಕೊಲ್ಲಿಯಿಂದ ಕೊಲ್ಲಿಗೆ ಸಾಗಿ, ಮೂರನೆಯ ದಿನ ತೆರೆದ ಸಮುದ್ರ ದಾಟಿ ಹಕ್ಕಿಬಂಡೆ ತಲುಪುವುದು, ಅಲ್ಲಿಂದ ವಾಪಸ್ಸು.

ಹಕ್ಕಿಬಂಡೆಯ ಹುಚ್ಚು ಅತ್ತಿಗೆಗೆ ಹತ್ತಿಸಿದವನು ಒಬ್ಬ ಮೀನುಗಾರ. ಆರು ವರ್ಷದ ಹಿಂದೆ ಕಾಲು ಮುರಿದುಕೊಂಡು ಅವರ ವಾರ್ಡಿನಲ್ಲಿ ಮೂರು ವಾರ ಮಲಗಿದ್ದನಂತೆ. ಸಂಜೆಯಾದರೆ ಸಾಕು, ಆ ಕಡಿದಾದ ಬಂಡೆಗೆ ಸಾವಿರಗಟ್ಟಲೆ ಕಡಲಹಕ್ಕಿಗಳು ಒಟ್ಟಿಗೆ ಮರಳುವುದನ್ನು ವರ್ಣಿಸುತ್ತಿದ್ದನಂತೆ. ಕೆಳಗೆ ಲಂಗರು ಹಾಕಿ ನಿಂತರೆ ಪಕ್ಕದವರ ಮಾತೂ ಕೇಳಿಸುವುದಿಲ್ಲವಂತೆ. ಅವನ ಕಾಲು ಕೂಡಿತು, ಅವನು ಮನೆಗೆ ಹೋದ. ಬಂಡೆ ಮಾತ್ರ ಅತ್ತಿಗೆಯ ತಲೆಯಲ್ಲೇ ಉಳಿಯಿತು.

ನಲವತ್ತೆರಡು ಜನರನ್ನು ಸಂಭಾಳಿಸುವವರಿಗೆ ಎಂಟು ಜನ ಯಾವ ಲೆಕ್ಕ ಎಂದುಕೊಂಡಿದ್ದೆ. ನಾಲ್ಕು ತಿಂಗಳು ಹಿಡಿಯಿತು. ಗೆಳತಿಯರಾದ ಇಬ್ಬರು ನರ್ಸುಗಳಿಗೆ ಒಟ್ಟಿಗೆ ರಜೆ ಸಿಗಬೇಕು. ಪಕ್ಕದ ಮನೆಯ ಮೇಷ್ಟ್ರು ದಂಪತಿಗೆ ಶಾಲೆ ಮುಚ್ಚಿದಾಗಲೇ ಬಿಡುವು. ನಮ್ಮಣ್ಣ ಅಚ್ಚುಮನೆಯಲ್ಲಿ ಕರಡು ತಿದ್ದುವವನು. ಎರಡು ಪುಸ್ತಕಗಳ ನಡುವಿನ ಸಂದಿಯಲ್ಲಿ ಅವನನ್ನು ಹೊರಗೆಳೆಯಬೇಕು. ಮೇಷ್ಟ್ರು ಮೂರು ಸಲ ಬರುವುದಿಲ್ಲವೆಂದು ನಾಲ್ಕು ಸಲ ಬರುತ್ತೇನೆ ಅಂದರು. ಅತ್ತಿಗೆ ಒಮ್ಮೆಯೂ ದನಿ ಏರಿಸಲಿಲ್ಲ. ರಬ್ಬರು ತೆಗೆದು ಅಳಿಸುವರು, ಊದುವರು, ಮತ್ತೆ ಬರೆಯುವರು.

ದಿನಾಂಕ ಕೂಡಿಬಂದ ಮೇಲೆ ಉಳಿದ ಏರ್ಪಾಡು ಶುರು. ದೋಣಿಯಲ್ಲಿ ನಾಲ್ಕು ಕೋಣೆ, ಒಂದೊಂದರಲ್ಲಿ ಇಬ್ಬರು. ಗೊರಕೆ ಹೊಡೆಯುವವರು ಯಾರೆಂದು ನೇರವಾಗಿ ಕೇಳಿದರೆ ಯಾರು ಒಪ್ಪಿಯಾರು? "ನಿಮ್ಮ ಪಕ್ಕದಲ್ಲಿ ಮಲಗಿದವರು ಬೆಳಗ್ಗೆ ಏನಂತಾರೆ?" ಎಂದು ಕೇಳಿದರು. ಎಲ್ಲರೂ ನಿಜ ಹೇಳಿದರು. ಸಿಹಿನೀರಿನ ಟ್ಯಾಂಕು ಐದು ದಿನಕ್ಕೂ ಬರಬೇಕು, ಆದ್ದರಿಂದ ಪಾತ್ರೆ ತೊಳೆಯಲು ಸಮುದ್ರದ ನೀರು, ಕೊನೆಗೆ ಒಂದು ಲೋಟ ಸಿಹಿನೀರು. ಅದನ್ನು ಮನೆಯಲ್ಲೇ ಬಕೆಟ್ಟಿಟ್ಟು ನಮ್ಮಿಂದ ಅಭ್ಯಾಸ ಮಾಡಿಸಿದರು. ಒಂದು ಭಾನುವಾರ ನಮ್ಮನ್ನೆಲ್ಲ ಅಳಿವೆಯ ಫೆರಿ ಹತ್ತಿಸಿ ಆಚೆ ದಡಕ್ಕೂ ಈಚೆ ದಡಕ್ಕೂ ಮೂರು ಸಲ ಓಡಾಡಿಸಿದರು, ಯಾರ ಹೊಟ್ಟೆ ಎಷ್ಟು ತಡೆಯುತ್ತದೆ ನೋಡುವುದಕ್ಕೆ. ನಾನು ಎರಡನೆಯ ಸುತ್ತಿಗೇ ಕಟಕಟೆ ಹಿಡಿದು ವಾಂತಿ ಮಾಡಿದೆ. ಅತ್ತಿಗೆ ಚೀಟಿಯಲ್ಲಿ ನನ್ನ ಹೆಸರಿನ ಮುಂದೆ ಏನೋ ಗುರುತು ಹಾಕಿಕೊಂಡರು.

ಆ ಭಾನುವಾರ ಬಾರದೆ ಇದ್ದವರು ಒಬ್ಬರೇ. ಅತ್ತಿಗೆಯ ಸ್ವಂತ ಅಣ್ಣ. ನಮಗೆಲ್ಲ ಭಾವ, ಅತ್ತಿಗೆಗೆ ಅಣ್ಣಯ್ಯ. ಅರವತ್ತೆರಡು ವರ್ಷ, ಡ್ರೈವಿಂಗ್ ಸ್ಕೂಲು ನಡೆಸುತ್ತಾರೆ. ಧಾರಾಳಿ ಮನುಷ್ಯ, ಎದೆಯೂ ದೊಡ್ಡದು, ದನಿಯೂ ದೊಡ್ಡದು. "ಕಲಿಯೋರ ಕೈಗೆ ಸ್ಟೇರಿಂಗ್ ಕೊಟ್ಟು ಪಕ್ಕದಲ್ಲಿ ಮೂವತ್ತು ವರ್ಷ ಕೂತವನು ನಾನು. ನನಗೆ ತಲೆ ಸುತ್ತುತ್ತಾ?" ಅಂದುಬಿಟ್ಟಿದ್ದರು.

ಹೊರಡುವ ದಿನ ಬಂದರಿಗೆ ಅವರು ಚಕ್ರದ ದೊಡ್ಡ ಸೂಟ್‌ಕೇಸು ಎಳೆದುಕೊಂಡೇ ಬಂದರು. ಮಡಚಿಡಲು ಬರುವ ಬಟ್ಟೆಯ ಚೀಲವನ್ನೇ ತರಬೇಕೆಂದು ಅತ್ತಿಗೆ ಎಲ್ಲರಿಗೂ ಬರೆದು ಕೊಟ್ಟಿದ್ದರು. ಗಟ್ಟಿ ಪೆಟ್ಟಿಗೆ ಇಡಲು ದೋಣಿಯಲ್ಲಿ ಜಾಗವಿರುವುದಿಲ್ಲ. ಕ್ಯಾಪ್ಟನ್ ಆ ಸೂಟ್‌ಕೇಸನ್ನೊಮ್ಮೆ, ಭಾವನನ್ನೊಮ್ಮೆ ನೋಡಿದರು. ಭಾವನ ಮುಖ ಕೆಂಪಾಗುವುದರೊಳಗೆ ಅತ್ತಿಗೆ ತಮ್ಮ ಚೀಲದಿಂದ ಇನ್ನೊಂದು ಖಾಲಿ ಚೀಲ ತೆಗೆದರು. "ಅಣ್ಣಯ್ಯ, ಇದು ಹೇಗೂ ಹೆಚ್ಚಾಗಿತ್ತು, ಇದರಲ್ಲಿ ಹಾಕ್ಕೋ" ಅಂದವರೇ ತಾವೇ ಬಟ್ಟೆ ಬದಲಾಯಿಸಿಟ್ಟು, ಸೂಟ್‌ಕೇಸನ್ನು ಬಂದರಿನ ಕಚೇರಿಯಲ್ಲಿ ಬಿಟ್ಟುಬಂದರು.

ಕ್ಯಾಪ್ಟನ್ ಐವತ್ತರ ಆಸುಪಾಸಿನ ಹೆಂಗಸು. ಬಿಸಿಲಿಗೆ ಕಂದಿದ ಮುಖ, ಅಳೆದು ತೂಗಿ ಮಾತು. ದೋಣಿಯ ಮೇಲೆ ಕಾಲಿಟ್ಟ ಕೂಡಲೇ ಚಪ್ಪಲಿ ಬಿಚ್ಚಿಸಿದರು, ಲೈಫ್ ಜಾಕೆಟ್ ತೊಡಿಸಿದರು, ಕಕ್ಕಸಿನ ಪಂಪು ಒತ್ತುವುದನ್ನು ತೋರಿಸಿದರು. "ತಿಂದು ಅರಗಿಸಿದ್ದು ಬಿಟ್ಟು ಬೇರೇನೂ ಇದರೊಳಗೆ ಹಾಕ್ಬೇಡಿ" ಎಂದು ಎಚ್ಚರಿಕೆ ಕೊಟ್ಟರು. ಹಾಯಿ ಏರಿಸುವಾಗ ಭಾವ ಮುಂದೆ ನುಗ್ಗಿ ಹಗ್ಗಕ್ಕೆ ಕೈಹಾಕಿದರು. ಇಂಜಿನು ನಿಂತಿತು. ಅಷ್ಟು ದೊಡ್ಡ ದೋಣಿ ಬರೀ ಗಾಳಿಗೆ ಮುಂದೆ ಸರಿಯತೊಡಗಿತು. ನಾವು ಮುಂಭಾಗದಲ್ಲಿ ಎರಡು ಒಡಲುಗಳ ನಡುವೆ ಬಿಗಿದ ಬಲೆಯ ಮೇಲೆ ಮಲಗಿ, ಕೆಳಗೆ ಓಡುವ ನೀರು ನೋಡುತ್ತಿದ್ದೆವು. ಅತ್ತಿಗೆ ಹಿಂದೆ ನಿಂತು ನಮ್ಮನ್ನು ನೋಡುತ್ತಿದ್ದರು.

ಎರಡನೆಯ ದಿನ ಮಧ್ಯಾಹ್ನದಿಂದ ಅಲೆ ಪಕ್ಕಕ್ಕೆ ಹೊಡೆಯತೊಡಗಿತು. ನಾನು ಮಾತ್ರೆ ನುಂಗಿ, ಅತ್ತಿಗೆ ಹೇಳಿಕೊಟ್ಟಂತೆ ದಿಗಂತವನ್ನೇ ದಿಟ್ಟಿಸಿಕೊಂಡು ಹೇಗೋ ದಕ್ಕಿಸಿಕೊಂಡೆ. ಸಂಜೆ ಒಂದು ಕೊಲ್ಲಿಯಲ್ಲಿ ಲಂಗರು ಹಾಕಿದೆವು. ಭಾವ ಊಟ ಬೇಡವೆಂದು ಬೇಗ ಕೋಣೆ ಸೇರಿದರು.

ನನ್ನದೂ ಅವರದೂ ಒಂದೇ ಕೋಣೆ. ಬೆಳಗ್ಗೆ ಎದ್ದು ನೋಡಿದರೆ ಅವರ ಹಾಸಿಗೆಯ ಹೊದಿಕೆ ಮಡಿಸಿದ್ದು ಮಡಿಸಿದಂತೆಯೇ ಇತ್ತು. ಹಿಂದಿನ ಮೆಟ್ಟಿಲ ಮೇಲೆ ಕಂಬಿ ಹಿಡಿದು ಕೂತಿದ್ದರು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

"ಏನ್ ಭಾವ, ನಿದ್ದೆ ಮಾಡ್ಲಿಲ್ವಾ?"

"ಗಾಳಿಗೆ ಬಂದೆ ಮಾರಾಯ. ಹೊಟ್ಟೆಯಲ್ಲಿ ಏನೂ ನಿಲ್ತಾ ಇಲ್ಲ, ನೀರೂ ಸಹ. ಯಾರಿಗೂ ಹೇಳ್ಬೇಡ. ನನ್ನಾಣೆ."

ನಾನು ಹೇಳಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ. ಮನುಷ್ಯನ ಮರ್ಯಾದೆ ಉಳಿಸುತ್ತಿದ್ದೇನೆ ಎಂದೇ ಆಗ ಅಂದುಕೊಂಡಿದ್ದೆ.

ಎಲ್ಲರೂ ತಿಂಡಿಗೆ ಕೂತಾಗ ಕ್ಯಾಪ್ಟನ್ ನಕ್ಷೆ ಹರಡಿದರು. "ಇವತ್ತು ಗಾಳಿ ಜೋರಿದೆ. ಹಕ್ಕಿಬಂಡೆಗೆ ಆರು ಗಂಟೆ. ದೋಣಿಗೆ ಏನೂ ಆಗಲ್ಲ, ಆ ಭಯ ಬೇಡ. ಆದರೆ ನಿನ್ನೆಗಿಂತ ಎರಡರಷ್ಟು ಕುಲುಕುತ್ತೆ. ನಾಳೆ ಗಾಳಿ ಇನ್ನೂ ಏರುತ್ತೆ. ಅಂದ್ರೆ, ಹೋದ್ರೆ ಇವತ್ತೇ ಹೋಗ್ಬೇಕು, ಇಲ್ಲಾಂದ್ರೆ ಇಲ್ಲ. ನೀವು ನೀವೇ ಮಾತಾಡಿಕೊಳ್ಳಿ."

ನಮ್ಮಣ್ಣ ಹೋಗೋಣ ಅಂದ. ನರ್ಸುಗಳಿಬ್ಬರೂ ಹೋಗೋಣ ಅಂದರು. ಮೇಷ್ಟ್ರು ಹೆಂಡತಿಯ ಮುಖ ನೋಡಿ ಹೋಗೋಣ ಅಂದರು. ನಾನೂ ಅಂದೆ. ಬೇರೆ ಏನು ಹೇಳಲಿ? ಆರು ವರ್ಷ ಕನಸು ಕಂಡವರು ಎದುರಿಗೇ ಕೂತಿದ್ದಾರೆ. ಎಲ್ಲರಿಗಿಂತ ಗಟ್ಟಿಯಾಗಿ ಅಂದವರು ಭಾವ.

"ಇಷ್ಟು ದೂರ ಬಂದು ಕುಲುಕಾಟಕ್ಕೆ ಹೆದರೋದಾ? ಹೊರಡ್ರಿ!"

ಹಾಗೆನ್ನುತ್ತಲೇ ಎದ್ದು ನಿಲ್ಲಹೋಗಿ ಮೇಜಿನ ಅಂಚು ಹಿಡಿದುಕೊಂಡರು. ಒಂದು ಕ್ಷಣ ಅಷ್ಟೇ. ಅವರ ತಟ್ಟೆಯ ಮೊಟ್ಟೆ ಆಗಲೇ ನನ್ನ ತಟ್ಟೆಗೆ ಬಂದಿತ್ತು. ಲೋಟದ ನೀರು ತುಂಬಿದ್ದು ತುಂಬಿದ ಹಾಗೇ ಇತ್ತು. ಅತ್ತಿಗೆಯ ಕಣ್ಣು ಲೋಟದಿಂದ ಅವರ ಒಣಗಿದ ತುಟಿಗೆ, ತುಟಿಯಿಂದ ಮೇಜು ಹಿಡಿದ ಕೈಗೆ ಹೋಗಿ ಬಂತು.

"ಅಣ್ಣಯ್ಯ, ಬಿಪಿ ಮಾತ್ರೆ ತಗೊಂಡ್ಯಾ?"

"ತಗೊಂಡೆ ತಗೊಂಡೆ. ನಾನು ಫಸ್ಟ್ ಕ್ಲಾಸಾಗಿದ್ದೀನಿ."

ಅತ್ತಿಗೆ ನಕ್ಷೆಯ ಮೇಲೆ ಹಕ್ಕಿಬಂಡೆಯ ಗುರುತಿನ ಹತ್ತಿರ ಬೆರಳಿಟ್ಟಿದ್ದರು. ಆಮೇಲೆ ಬೆರಳು ತೆಗೆದು ಹಣೆ ಹಿಡಿದುಕೊಂಡರು.

"ನೀವೆಲ್ಲ ಬೈಕೋಬೇಡಿ. ನನ್ನ ಕೈಲಿ ಆಗಲ್ಲ. ಬೆಳಗ್ಗೆಯಿಂದ ತಲೆ ಗಿರ್ರ್ ಅಂತಿದೆ. ಆರು ಗಂಟೆ ಅಂದ್ರೆ ನಾನು ಸತ್ತೇ ಹೋಗ್ತೀನಿ."

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಅರ್ಧ ಗಂಟೆಯ ಹಿಂದೆ ಇದೇ ಅತ್ತಿಗೆ ಕುಲುಕುವ ಒಲೆಯ ಮುಂದೆ ಗುನುಗಿಕೊಂಡು ಎಂಟು ಜನಕ್ಕೂ ಮೊಟ್ಟೆ ಬೇಯಿಸಿ, ತಾವು ಎರಡು ತಿಂದಿದ್ದರು. ನಮ್ಮಣ್ಣ ಏನೋ ಹೇಳಲು ಬಾಯಿ ತೆರೆದ. ಹೆಂಡತಿಯ ಕಣ್ಣು ನೋಡಿ ಮುಚ್ಚಿದ.

ಭಾವ ದೊಪ್ಪನೆ ಕೂತರು. "ಎಂಥವಳೇ ನೀನು! ಎಲ್ಲರನ್ನೂ ಹೊರಡಿಸಿ ಈಗ ನೀನೇ..." ಎಂದು ಗದರಲು ಹೋದರು. ದನಿ ಮಾತ್ರ ಗದರಲಿಲ್ಲ. ಭುಜ ಇಳಿದಿತ್ತು, ಮುಖಕ್ಕೆ ಜೀವ ಬಂದಿತ್ತು. "ಹೋಗ್ಲಿ ಬಿಡು. ಆರೋಗ್ಯ ಮುಖ್ಯ. ಯಾರೂ ಅವಳಿಗೆ ಏನೂ ಅನ್ಬೇಡಿ. ನಾನು ಅವಳ ಹತ್ರ ಇರ್ತೀನಿ."

ಮುಂದೆ ನಡೆದದ್ದನ್ನು ನಾನು ಕಣ್ಣಾರೆ ಕಂಡೆ. ಅತ್ತಿಗೆ ನೆರಳಿನಲ್ಲಿ ದಿಂಬಿಗೊರಗಿ ಕೂತರು. ಭಾವ ಗಾಳಿ ಬೀಸುತ್ತ ಪಕ್ಕದಲ್ಲಿ ಕೂತರು. ಅತ್ತಿಗೆ ನನ್ನ ಕೈಯಲ್ಲಿ ಉಪ್ಪು-ಸಕ್ಕರೆ ಬೆರೆಸಿದ ನೀರಿನ ಜಗ್ಗು ತರಿಸಿದರು. ಎರಡು ಲೋಟ.

"ನನಗೊಬ್ಬಳಿಗೇ ಕುಡಿಯೋಕಾಗಲ್ಲ ಅಣ್ಣಯ್ಯ, ವಾಕರಿಕೆ ಬರುತ್ತೆ. ನೀನೂ ಒಂದು ಗುಟುಕು ಕುಡಿ, ನಿನ್ನ ನೋಡ್ಕೊಂಡು ನಾನು ಕುಡೀತೀನಿ."

"ನೀನು ಚಿಕ್ಕವಳಾಗಿದ್ದಾಗಲೂ ಹಿಂಗೇ, ಔಷಧಿ ಅಂದ್ರೆ ಹಟ" ಎಂದು ಭಾವ ಒಂದು ಗುಟುಕು ಕುಡಿದರು. ಅತ್ತಿಗೆ ಒಂದು ಗುಟುಕು. ಐದು ನಿಮಿಷ ಬಿಟ್ಟು ಮತ್ತೊಂದು. ಗಡಿಯಾರ ನೋಡದೆಯೇ ಅತ್ತಿಗೆ ಐದೈದು ನಿಮಿಷಕ್ಕೆ ಸರಿಯಾಗಿ ನರಳುತ್ತಿದ್ದರು. ಹೊಟ್ಟೆಯಲ್ಲಿ ಏನೂ ನಿಲ್ಲದೆ ಇದ್ದ ಮನುಷ್ಯ, ತಂಗಿಗೆ ಕುಡಿಸುವ ಭರದಲ್ಲಿ ಮಧ್ಯಾಹ್ನದೊಳಗೆ ಅರ್ಧ ಜಗ್ಗು ಖಾಲಿ ಮಾಡಿದರು. ಊಟದ ಹೊತ್ತಿಗೆ ಎರಡು ಬ್ರೆಡ್ ತಿಂದರು. ಆಮೇಲೆ ನೆರಳಿನಲ್ಲೇ ನಿದ್ದೆ ಹೋಗಿ ಗೊರಕೆ ಶುರು ಮಾಡಿದರು. ಅತ್ತಿಗೆ ಮೆಲ್ಲಗೆ ಅವರ ಮಣಿಕಟ್ಟು ಹಿಡಿದು ನಾಡಿ ಎಣಿಸಿ, ಸಮಾಧಾನವಾಗಿ ಎದ್ದು ಹೋಗಿ ಅಡುಗೆಗೆ ತರಕಾರಿ ತೆಗೆದರು.

ಉಳಿದ ದಿನ ಖಾಲಿ ಹೋಗಬಾರದೆಂದು ಆಗಲೇ ಕ್ಯಾಪ್ಟನ್ ಜೊತೆ ಮಾತಾಡಿ ಮುಗಿಸಿದ್ದರು. ಕೊಲ್ಲಿಯೊಳಗೆ ದೊಡ್ಡ ಅಲೆಯಿಲ್ಲ, ಗಾಳಿ ಮಾತ್ರ ಹದವಾಗಿದೆ. ಒಬ್ಬೊಬ್ಬರಿಗೂ ಅರ್ಧರ್ಧ ಗಂಟೆ ಚುಕ್ಕಾಣಿ. ಹಾಳೆ ತೆಗೆದು ಚೌಕ ಹಾಕಿಯೇಬಿಟ್ಟರು. ಮೇಷ್ಟ್ರ ಹೆಂಡತಿ ಮೊದಲ ಸರದಿಯಲ್ಲೇ ದೋಣಿಯನ್ನು ಎಷ್ಟು ಚೆಂದ ತಿರುಗಿಸಿದರೆಂದರೆ ಮೇಷ್ಟ್ರು ಚಪ್ಪಾಳೆ ತಟ್ಟಿದರು. ನಾಲ್ಕನೆಯ ದಿನ ಭಾವನ ಸರದಿ. ಮೂವತ್ತು ವರ್ಷ ಪಕ್ಕದ ಸೀಟಿನಲ್ಲಿ ಕೂತವರು ಅವತ್ತು ತಾವು ಕಲಿಯುವವರಾಗಿ, "ಹೀಗಾ ಮೇಡಂ? ಇಷ್ಟು ಸಾಕಾ?" ಎಂದು ಕೇಳಿ ಕೇಳಿ ನಡೆಸಿದರು. ಅಷ್ಟು ಖುಷಿಯಾಗಿ ಅವರನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಆ ಸಂಜೆ ಅತ್ತಿಗೆಯೂ ನಾನೂ ಹಿಂದಿನ ಮೆಟ್ಟಿಲ ಮೇಲೆ ಪಾತ್ರೆ ತೊಳೆಯುತ್ತ ಕೂತಿದ್ದೆವು. ಕೇಳದೆ ಇರಲಾಗಲಿಲ್ಲ.

"ಅತ್ತಿಗೆ, ನಿಮಗೇನೂ ಆಗಿರಲಿಲ್ಲ ಅಲ್ವಾ?"

"ನಿನಗೆ ಗೊತ್ತಿತ್ತಲ್ಲ, ಅಣ್ಣಯ್ಯ ರಾತ್ರಿ ಮಲಗಿರಲಿಲ್ಲ ಅಂತ?"

ನಾನು ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ.

"ಭಾವನಿಗೆ ಆಗಲ್ಲ ಅಂತ ನೇರವಾಗಿ ಹೇಳಬಹುದಿತ್ತು" ಅಂದೆ. "ಎಲ್ಲರೂ ಒಪ್ತಿದ್ರು."

"ಎಲ್ಲರೂ ಒಪ್ತಿದ್ರು, ಅವನು ಒಪ್ತಿರಲಿಲ್ಲ. ಹಟಕ್ಕೆ ಬಿದ್ದು ಹೊರಡಿಸೇ ಬಿಡ್ತಿದ್ದ." ಒಂದು ತಟ್ಟೆಯನ್ನು ನೀರಿನಲ್ಲಿ ಅದ್ದಿ ಎತ್ತಿದರು. "ನಾನು ನರ್ಸಿಂಗ್ ಓದೋವಾಗ ದಿನಾ ಹನ್ನೊಂದು ಕಿಲೋಮೀಟರು ಸೈಕಲ್ಲಿನಲ್ಲಿ ಕೂರಿಸ್ಕೊಂಡು ಹೋಗಿ ಬಿಡ್ತಿದ್ದ. ಮೂರು ವರ್ಷ. ಅವನಿಗೆ ಜ್ವರ ಬಂದ ದಿನಾನೂ ತಪ್ಪಿಸಿಲ್ಲ, ನನಗೆ ಗೊತ್ತಾಗಿದ್ದು ಬೆನ್ನು ಮುಟ್ಟಿದಾಗ. ಸುಸ್ತು ಅನ್ನೋ ಮಾತು ಅವನ ಬಾಯಲ್ಲಿ ಬರೋದೇ ಇಲ್ಲ ಕಣೋ. ಅವನ ಪರವಾಗಿ ನಾನು ಹೇಳಿದೆ, ಅಷ್ಟೇ."

"ಮತ್ತೆ ಹಕ್ಕಿಬಂಡೆ?"

ಅತ್ತಿಗೆ ಆ ದಿಕ್ಕಿಗೆ ನೋಡಿದರು. ಅಲ್ಲಿ ಬರೀ ನೀರು, ಅದರ ಮೇಲೆ ಆರುತ್ತಿದ್ದ ಬೆಳಕು. "ಬೇಜಾರಾಯ್ತು" ಅಂದರು. "ತುಂಬಾನೇ ಬೇಜಾರಾಯ್ತು. ಆ ಬಾಣಲೆ ಕೊಡು."

ಹತ್ತೊಂಬತ್ತು ವರ್ಷದಿಂದ ಅವರ ಕೈಯಡುಗೆ ಉಂಡಿದ್ದೇನೆ. ಇವರು ಯಾರು ಅನ್ನುವುದು ಅವತ್ತು ಗೊತ್ತಾಯಿತು. ಬೇಜಾರಿಲ್ಲ ಅಂದಿದ್ದರೆ ನಂಬುತ್ತಿದ್ದೆ, ಇಷ್ಟು ಕೈಮುಗಿಯಬೇಕೆನ್ನಿಸುತ್ತಿರಲಿಲ್ಲ.

ಐದನೆಯ ದಿನ ಮಧ್ಯಾಹ್ನ ಹೇಳಿದ ಹೊತ್ತಿಗೆ ಸರಿಯಾಗಿ ಬಂದರಿಗೆ ಬಂದೆವು. ಹಗ್ಗ ಬಿಗಿದ ಮೇಲೆ ಕ್ಯಾಪ್ಟನ್ ಎಲ್ಲರ ಕೈ ಕುಲುಕಿದರು. ಅತ್ತಿಗೆಯ ಕೈಯನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದು, "ನಿಮ್ಮ ತಲೆಸುತ್ತು ಹೇಗಿದೆ?" ಎಂದು ಕೇಳಿದರು. ನಾನು ಹತ್ತಿರವೇ ಇದ್ದೆ; ಕ್ಯಾಪ್ಟನ್ ಮುಖದಲ್ಲಿ ನಗು ತಡೆದದ್ದು ಕಾಣಿಸುತ್ತಿತ್ತು.

"ಪರವಾಗಿಲ್ಲ" ಅಂದರು ಅತ್ತಿಗೆ.

"ಎಲ್ಲಿ ಪರವಾಗಿಲ್ಲ!" ಎಂದು ಭಾವ ನಡುವೆ ಬಂದರು. "ಇವಳಿಗೆ ಸಮುದ್ರ ಆಗಿಬರಲ್ಲ ಮೇಡಂ. ನಾನಿದ್ದೆ ಅಂತ ಆಯ್ತು." ತಮ್ಮ ಚೀಲದ ಜೊತೆಗೆ ಅತ್ತಿಗೆಯ ಚೀಲವನ್ನೂ ಹೆಗಲಿಗೆ ಏರಿಸಿಕೊಂಡು ಮೊದಲು ಕೆಳಗಿಳಿದರು. ದಡದಲ್ಲಿ ನಿಂತು, ತಂಗಿಯ ಕಡೆ ಕೈ ಚಾಚಿದರು.

"ನಿಧಾನ, ಹಲಗೆ ಜಾರುತ್ತೆ. ನನ್ನ ಕೈ ಹಿಡ್ಕೋ."

ಅತ್ತಿಗೆ ಅಣ್ಣನ ಕೈ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಟ್ಟು ಇಳಿದರು.