ಕೋಲ್ಡ್‌ಸೈಕ್‌ನ ಕೊನೆಯ ಅಧ್ಯಾಯ

ಹಂದಿಮಾಂಸದ ಪೈಯನ್ನು ಎಂಟು ತುಂಡು ಮಾಡುವುದೋ ಹನ್ನೆರಡು ಮಾಡುವುದೋ ಎಂದು ಥೆಲ್ಮಾ ಚಾಕು ಹಿಡಿದು ನಿಂತಿದ್ದಾಗಲೇ ಗುಡ್ಡದ ಮೇಲಿನ ಸ್ಮಶಾನದಿಂದ ಜನ ಇಳಿದು ಬಂದುಬಿಟ್ಟರು. ಚಾಪೆಲ್ಲಿನ ಹಿಂಬದಿಯ ಕೋಣೆಯ ಹೊಸ್ತಿಲಲ್ಲಿ ಬೂಟಿನ ಕೆಸರು ಉಜ್ಜುವ ಸದ್ದು, ಕೆಮ್ಮು, ಒದ್ದೆ ಕೋಟುಗಳ ವಾಸನೆ. ಹನ್ನೆರಡೇ ಮಾಡಿದಳು. ಕತ್ತರಿಸುವಾಗ ಮಣಿಕಟ್ಟು ನೋಯಿತು.

ಮಣ್ಣು ಕೊಡುವ ಹೊತ್ತಿಗೆ ಅವಳು ಅಲ್ಲಿರಲಿಲ್ಲ. ಟೀ ಯಾರಾದರೂ ನೋಡಿಕೊಳ್ಳಬೇಕಲ್ಲ. ಇಪ್ಪತ್ತು ವರ್ಷದಿಂದ ಈ ಊರಿನ ಪ್ರತಿ ಸಾವಿನ ಟೀಯನ್ನೂ ಮೇವಿಸ್ ಹೆಲಿವೆಲ್ ಒಬ್ಬಳೇ ನೋಡಿಕೊಂಡಿದ್ದಳು. ಇವತ್ತು ಸತ್ತವಳು ಅವಳೇ ಆದ್ದರಿಂದ, ನೀರು ಕಾಯಿಸುವ ದೊಡ್ಡ ಹಂಡೆಯ ಮುಚ್ಚಳ ಎಲ್ಲಿದೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಥೆಲ್ಮಾ ಅದರ ಮೇಲೊಂದು ಊಟದ ತಟ್ಟೆ ಮುಚ್ಚಿದ್ದಳು.

ನಾರ್ಮನ್ ಮೇಷ್ಟ್ರು ಮೇವಿಸಳ ಗಂಡ ವಿಲ್ಫನನ್ನು ಮೊಳಕೈ ಹಿಡಿದು ಕರೆತಂದು, ಕೋಣೆ ಬೆಚ್ಚಗಿಡುವ ಗೋಡೆಯ ಬಿಸಿಕೊಳವೆಗಳ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ವಿಲ್ಫನಿಗೆ ಎಂಬತ್ತೆರಡು. ಉಣ್ಣೆ ಗಿರಣಿಯಲ್ಲಿ ಬಣ್ಣ ಹೊಂದಿಸುವ ಕೆಲಸದಲ್ಲಿದ್ದವನು. ನೀಲಿಯಲ್ಲೇ ಎಪ್ಪತ್ತು ನೀಲಿ ಗುರುತಿಸುತ್ತಿದ್ದ ಕಣ್ಣು ಹತ್ತು ವರ್ಷದಿಂದೀಚೆಗೆ ಅಂಚಿನಿಂದ ಒಳಕ್ಕೆ ಆರುತ್ತ ಬಂದು, ಈಗ ಕಿಟಕಿ ಯಾವ ಕಡೆಗಿದೆ ಎಂದಷ್ಟೇ ಹೇಳುತ್ತಿತ್ತು.

"ಟೀ ಕೈಗೆ ಕೊಡ್ಲಾ, ಪಕ್ಕದಲ್ಲಿಡ್ಲಾ ವಿಲ್ಫ್?"

"ಕೈಗೇ ಕೊಡಮ್ಮ. ಕೈ ಬೆಚ್ಚಗಾಗ್ಲಿ."

ಜಗಳ ಶುರುವಾದದ್ದು ಪಾದ್ರಿಯ ಮಾತಿನಿಂದ. ಪಾದ್ರಿ ಊರಿಗೆ ಹೊಸಬ. ಪ್ರಾರ್ಥನೆಯ ವೇಳೆ ಚೀಟಿ ನೋಡಿಕೊಂಡು ಮೂರು ವಿಷಯ ಹೇಳಿದ್ದ: ಮೇವಿಸ್ ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ದುಡಿದಳು, ವಿಲ್ಫನೊಂದಿಗೆ ಐವತ್ತಾರು ವರ್ಷ ಬಾಳಿದಳು, 'ಕೋಲ್ಡ್‌ಸೈಕ್' ಎಂಬ, ಕಳೆದೇಹೋಗಿದ್ದ ಒಂದು ಮಹಾಕಾದಂಬರಿಯನ್ನು ಲೋಕಕ್ಕೆ ಮರಳಿಸಿದಳು. ಮೊದಲ ಎರಡಕ್ಕೆ ಯಾರ ತಕರಾರೂ ಇರಲಿಲ್ಲ.

"ಮಹಾಕಾದಂಬರಿಯಂತೆ!" ಓದುಗರ ಕೂಟದ ಡೊರೀನ್ ತಟ್ಟೆಗೆ ಎರಡು ಸ್ಯಾಂಡ್‌ವಿಚ್ ಹಾಕಿಕೊಂಡಳು. "ಕೋಲ್ಡ್‌ಸೈಕ್ ಮಹಲಿನ ಆ ನಾಯಕಿ ಹಾನರ್‌ಗೆ ತಲೆ ನೆಟ್ಟಗಿತ್ತಾ? ಅಷ್ಟು ಪ್ರೀತಿ ಮಾಡೋ ಗಂಡ. ಸಾಯೋಕೆ ಬಿದ್ದಿದಾನೆ. ಹೋಗ್ಬೇಡ ಅಂತ ಬೇಡ್ಕೋತಾನೆ. ಇವಳು ಲಾಟೀನು ಹಿಡ್ಕೊಂಡು ಹೊರಟೇಬಿಟ್ಲು. ನಾನು ಪುಸ್ತಕ ಗೋಡೆಗೆ ಎಸೆದಿದ್ದೆ, ಗೊತ್ತಾ?"

"ಪ್ರೀತಿ ಮಾಡೋ ಗಂಡ?" ಈಗ ಗ್ರಂಥಾಲಯ ನೋಡಿಕೊಳ್ಳುವ ಗೆಮ್ಮಾಳಿಗೆ ಸಾವಿನ ಮನೆಯೆಂಬ ಅಂಕೆಯೂ ಉಳಿಯಲಿಲ್ಲ. "ವರ್ಷಕ್ಕೊಂದು ಕಿಟಕಿಗೆ ಇಟ್ಟಿಗೆ ಕಟ್ಟಿಸ್ತಾನೆ ಡೊರೀನ್! ಮೊದಲನೇ ಹೆಂಡ್ತಿ ಬೆಳಕು ಕಾಣದೆ ಸತ್ತಳು. ಹಾನರ್ ಅಷ್ಟು ತಡ ಯಾಕೆ ಮಾಡಿದ್ಲು ಅನ್ನೋದು ನನ್ನ ಸಿಟ್ಟು."

"ಚಳೀಗೆ ಕಟ್ಟಿಸಿದ್ದು ಕಣೇ. ಬೆಟ್ಟದ ಬಯಲಲ್ಲಿ ಗಾಳಿ ಹೇಗಿರುತ್ತೆ ಅಂತ ಫ್ಲಾಟಲ್ಲಿರೋ ನಿನಗೇನು ಗೊತ್ತು?"

"ಇಬ್ಬರದೂ ತಪ್ಪು," ಎಂದರು ನಾರ್ಮನ್. "ಅದು ಮೂರನೇ ದರ್ಜೆ ಪುಸ್ತಕ. ಮುನ್ನೂರು ಪುಟ ಗಾಳಿ, ನೂರು ಪುಟ ಮೂರ್ಛೆ. ಯಾರೋ ಹಳ್ಳಿ ಪಾದ್ರಿಯ ಮಗಳಿಗೆ ಚಳಿಗಾಲದಲ್ಲಿ ಬೇಜಾರಾಯ್ತು, ಬರೆದ್ಲು."

"ಮೂರು ಸಲ ಓದಿದೀರಲ್ಲ ಮೇಷ್ಟ್ರೇ?" ಎಂದಳು ಗೆಮ್ಮಾ.

"ತಪ್ಪು ಗುರುತು ಹಾಕೋಕೆ."

ಥೆಲ್ಮಾ ಕಪ್ಪುಗಳಿಗೆ ಹಾಲು ಸುರಿಯುತ್ತ ಹೋದಳು. ಇದೇ ಮಾತು, ಇದೇ ವರಸೆ, ಹನ್ನೆರಡು ವರ್ಷದಿಂದ ಕೇಳಿ ಕೇಳಿ ಅವಳ ಕಿವಿ ದಣಿದಿತ್ತು.

*

ಹನ್ನೆರಡು ವರ್ಷದ ಹಿಂದೆ ಗ್ರಂಥಾಲಯದ ಮಾಳಿಗೆ ಖಾಲಿ ಮಾಡಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಥೆಲ್ಮಾ ಆಗ ಅಲ್ಲಿ ಕೆಲಸಕ್ಕಿದ್ದಳು. ಹಳೆಯ ಪುಸ್ತಕಗಳನ್ನು ಚೀಲಕ್ಕೆ ತುಂಬಿ ಮೆಟ್ಟಿಲ ಕೆಳಗೆ ಸಾಲಾಗಿ ಇಟ್ಟಿದ್ದಳು. ಶಾಲೆಯಿಂದ ನೇರ ಬಂದಿದ್ದ ಮೇವಿಸಳ ಕೂದಲಲ್ಲಿ ಎಲೆಕೋಸು ಬೆಂದ ವಾಸನೆ. ಒಂದು ಚೀಲದ ಬಾಯಿಂದ ಇಣುಕುತ್ತಿದ್ದ ಬೆನ್ನು ಕಿತ್ತ ಪುಸ್ತಕವನ್ನು ಎಳೆದು, ನಿಂತಲ್ಲೇ ನಾಲ್ಕು ಪುಟ ಓದಿದಳು.

"ಇದು ಎಲ್ಲಿಗೆ ಹೋಗುತ್ತೆ?"

"ರುಬ್ಬಿ ರಟ್ಟು ಮಾಡ್ತಾರಂತೆ."

"ಇದೊಂದು ನಾನು ಒಯ್ಯಲೇನೆ?"

ನೂರೈವತ್ತು ವರ್ಷ ಹಳೆಯ ಪುಸ್ತಕ. ಬರೆದವಳ ಹೆಸರಿನ ಜಾಗದಲ್ಲಿ 'ಒಬ್ಬ ಮಹಿಳೆ' ಎಂದಷ್ಟೇ ಇತ್ತು. ಒಂದೇ ಪ್ರತಿಯನ್ನು ಓದುಗರ ಕೂಟದ ಏಳೂ ಜನ ಸರದಿಯಲ್ಲಿ ಓದಿದರು. ಆಮೇಲೆ ಮೇವಿಸ್ ಯಾರಿಗೂ ಹೇಳದೆ ಪ್ರಕಾಶಕರಿಗೆ ಕಾಗದ ಬರೆಯತೊಡಗಿದಳು, ಶಾಲೆಯ ಊಟದ ಪಟ್ಟಿ ಬರೆಯುವ ದುಂಡು ಅಕ್ಷರದಲ್ಲೇ. ಮೂವತ್ತಕ್ಕೂ ಹೆಚ್ಚು ಕಾಗದ. ಕೊನೆಗೆ ಲೀಡ್ಸ್‌ನ ಒಂದು ಪುಟ್ಟ ಪ್ರಕಾಶನ ಅಚ್ಚು ಹಾಕಿತು. ಪತ್ರಿಕೆಗಳು ಬರೆದವು. ಒಬ್ಬರು ಪ್ರೇಮದ ಶಿಖರ ಎಂದರು, ಇನ್ನೊಬ್ಬರು ಹೆಣ್ಣಿನ ಬಂಡಾಯ ಎಂದರು, ಮತ್ತೊಬ್ಬರು ಅಗೆದು ತೆಗೆಯಬಾರದಿದ್ದ ಹೆಣ ಎಂದರು.

ಕೂಟದಲ್ಲೂ ಅದೇ. ಮಂಗಳವಾರ ಸಂಜೆಗಳಲ್ಲಿ ಡೊರೀನ್ ಅತ್ತಳು, ನಾರ್ಮನ್ ಮೂಗು ಮುರಿದರು. ಮೇವಿಸ್ ಮಾತ್ರ ಮೂಲೆಯಲ್ಲಿ ಕೂತು ಕೇಳುತ್ತಿದ್ದಳು.

"ತಂದವಳು ನೀನು. ನೀನೇನಂತೀಯ? ಅವಳು ಹೋಗಿದ್ದು ಸರಿಯಾ ತಪ್ಪಾ?" ಎಂದು ಥೆಲ್ಮಾ ಎಷ್ಟು ಸಲ ಕೇಳಿದ್ದಳೋ.

"ಯಾರಿಗಾದ್ರೂ ಇನ್ನೊಂದು ತುಂಡು ಕೇಕ್ ಬೇಕಾ?" ಎನ್ನುತ್ತ ಮೇವಿಸ್ ಎದ್ದುಬಿಡುತ್ತಿದ್ದಳು.

*

"ಮೇವಿಸ್ ಒಪ್ತಿದ್ದಿದ್ದು ನನ್ನ ಮಾತೇ," ಡೊರೀನ್ ಈಗ ಹೇಳುತ್ತಿದ್ದಳು. "ಐವತ್ತಾರು ವರ್ಷ ಸಂಸಾರ ಮಾಡಿದವಳು. ಬಿಟ್ಟು ಹೋಗೋ ಹೆಂಗಸಿಗೆ ಅವಳು ಜೈ ಅಂತಿದ್ಲಾ?"

"ಆ ಪುಸ್ತಕಕ್ಕೆ ಮೂವತ್ತು ಕಾಗದ ಬರೆದಳಲ್ಲ, ಯಾಕೆ ಹಾಗಾದ್ರೆ?" ಗೆಮ್ಮಾ ಕೇಳಿದಳು.

"ಅವಳು ಹೋಗಲಿಲ್ಲವಲ್ಲ," ಎಂದ ವಿಲ್ಫ್.

ಎಲ್ಲರೂ ತಿರುಗಿದರು. ಅವನು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಬಾಗಿದ್ದ.

"ಹಾನರ್. ಅವಳು ಎಲ್ಲಿಗೂ ಹೋಗಲಿಲ್ಲ. ಗೇಟಿನ ತನಕ ಹೋದ್ಲು. ಅಲ್ಲಿ ಅವನು ಕೆಮ್ಮೋದು ಕೇಳಿಸ್ತು. ಲಾಟೀನು ಆರಿಸಿ ವಾಪಸ್ ಬಂದ್ಲು. ಇಟ್ಟಿಗೆ ಕಿತ್ತು ಒಂದು ಕಿಟಕಿ ತೆಗೆಸಿದ್ಲು, ಅವನ ಪಕ್ಕ ಕೂತ್ಲು. ಬೆಳಗಾಯ್ತು. ಅಷ್ಟೇ ಕತೆ. ಮೇವಿಸ್ ಓದಿದ್ಲಲ್ಲ ನನಗೆ."

ಬಿಸಿಕೊಳವೆಯಲ್ಲಿ ನೀರು ಟಕಟಕ ಎಂದಿತು. ನಾರ್ಮನ್ ಬಾಯಿ ತೆರೆದರು. ನಲವತ್ತು ವರ್ಷ ಮಕ್ಕಳ ತಪ್ಪು ತಿದ್ದಿದ ಬಾಯಿ; ತಾನಾಗಿ ತೆರೆದುಕೊಳ್ಳುತ್ತಿತ್ತು.

"ಇಲ್ಲ ವಿಲ್ಫ್, ಮೂಲದಲ್ಲಿ..."

"ನಾರ್ಮನ್, ಪೈ ತಗೊಳ್ಳಿ," ಎಂದಳು ಥೆಲ್ಮಾ. ತಟ್ಟೆಯನ್ನು ಅವರ ಎದೆಗೇ ಒತ್ತಿ ಹಿಡಿದಳು. "ತಗೊಳ್ಳಿ ಅಂದೆ."

ಅವರು ತೆಗೆದುಕೊಂಡರು. ಡೊರೀನ್ ಕಣ್ಣೊರೆಸಿಕೊಂಡಳು. ಗೆಮ್ಮಾ ತನ್ನ ಬೂಟು ನೋಡುತ್ತ ಕೂತಳು. 

*

ಜನವರಿಯಲ್ಲಿ, ಗಂಟಲಿನ ಗಡ್ಡೆ ಇನ್ನು ವಾಸಿಯಾಗುವುದಲ್ಲ ಎಂದು ಡಾಕ್ಟರು ಹೇಳಿದ ಮೇಲೆ, ಮೇವಿಸ್ ಆ ಪುಸ್ತಕವನ್ನು ವಿಲ್ಫನಿಗೆ ಓದಿಹೇಳಲು ಹಿಡಿದಳು. ಅಲ್ಲಿಯವರೆಗೆ ಅವನು ಅದನ್ನು ಕೇಳಿರಲಿಲ್ಲ. ಅದು ಹೆಂಗಸರ ಪುಸ್ತಕ ಎಂದು ಬಿಟ್ಟಿದ್ದ. ದಿನಕ್ಕೊಂದು ಅಧ್ಯಾಯ, ಮಧ್ಯಾಹ್ನ ಸೂಪು ಕುಡಿದಾದ ಮೇಲೆ. ಧ್ವನಿ ವಾರದಿಂದ ವಾರಕ್ಕೆ ಸವೆಯಿತು. ಕೊನೆಕೊನೆಗೆ ಒಣ ಎಲೆ ತುಳಿದ ಹಾಗಿತ್ತು.

"ನಾನು ಓದ್ತೀನಿ ಕೊಡೇ. ನೀನು ಸುಮ್ಮನೆ ಮಲ್ಕೋ," ಎಂದು ಥೆಲ್ಮಾ ಹಾಸಿಗೆಯ ಪಕ್ಕ ಕೂತು ಕೈ ಚಾಚಿದ್ದಳು.

"ಮುಗಿಸಿದೆ. ನಿನ್ನೆ."

"ಕೊನೇ ಅಧ್ಯಾಯಾನೂ?"

ಮೇವಿಸ್ ಹೌದೆಂದು ತಲೆಯಾಡಿಸಿದಳು.

"ವಿಲ್ಫ್ ಏನಂದ್ರು?"

"ಏನೂ ಅನ್ನಲಿಲ್ಲ. ಟೀ ಇದೆಯಾ ಅಂದ್ರು." ಮೇವಿಸ್ ನಗಲು ಹೋಗಿ ಕೆಮ್ಮಿದಳು. ಕೆಮ್ಮು ನಿಂತ ಮೇಲೆ, ಸುಸ್ತಾಯ್ತು ಕಣೇ ಥೆಲ್ಮಾ, ತುಂಬಾ ಸುಸ್ತಾಯ್ತು ಎಂದು ಗೋಡೆಯ ಕಡೆ ತಿರುಗಿದ್ದಳು. ಹದಿನೈದು ದಿನದಲ್ಲಿ ಹೋದಳು.

*

ತಟ್ಟೆಗಳೆಲ್ಲ ತೊಳೆದಾಗ ನಾಲ್ಕೂವರೆ. ಥೆಲ್ಮಾ ವಿಲ್ಫನ ಕೈಯನ್ನು ತನ್ನ ತೋಳಿಗೆ ಸಿಕ್ಕಿಸಿಕೊಂಡು ಏರುದಾರಿ ಹಿಡಿದಳು. ಇಬ್ಬರಿಗೂ ಉಸಿರು ಸಾಲದು. ದೀಪದ ಕಂಬ ಕಂಬಕ್ಕೂ ನಿಂತರು. ಮನೆಯಲ್ಲಿ ಅವಳು ಒಲೆ ಹಚ್ಚಿ, ಅವನ ಕಪ್ಪು ಕೋಟು ಬಿಚ್ಚಿಸಿ, ಕುರ್ಚಿಗೆ ಕೂರಿಸಿದಳು. ಇನ್ನು ಹೊರಡಬಹುದು ಎಂದುಕೊಂಡಳು. ಮಂಡಿ ಸಿಡಿಯುತ್ತಿತ್ತು.

"ಪುಸ್ತಕ ಅವಳ ಮೇಜಿನ ಖಾನೆಯಲ್ಲಿದೆ," ಎಂದ ವಿಲ್ಫ್. "ಕೊನೇ ಅಧ್ಯಾಯ ಓದ್ತೀಯಾ? ಅದರಲ್ಲಿ ಬರೆದಿರೋದನ್ನ."

ಥೆಲ್ಮಾ ಇನ್ನೊಂದು ಕುರ್ಚಿಯಲ್ಲಿ ಕುಸಿದಳು. ಅದು ಮೇವಿಸಳ ಕುರ್ಚಿ ಎಂದು ಕೂತ ಮೇಲೆ ತಿಳಿಯಿತು.

"ನಿಮಗೆ ಗೊತ್ತಿತ್ತಾ?"

"ಕಣ್ಣಷ್ಟೇ ಹೋಗಿರೋದು ಮಾರಾಯ್ತಿ. ಹಾಳೆ ತಿರುಗೋ ಸದ್ದು ಬರಲಿಲ್ಲ. ಅರ್ಧ ಗಂಟೆ ಓದಿದ್ಲು, ಒಂದು ಹಾಳೆಯೂ ತಿರುಗಲಿಲ್ಲ. ಆ ಗಂಟಲಲ್ಲಿ, ಅಷ್ಟುದ್ದ, ಸುಳ್ಳು ಕಟ್ಟಿದ್ಲು."

"ಕೇಳಬಹುದಿತ್ತು ನೀವು."

"ಏನಂತ ಕೇಳ್ಲಿ? ಟೀ ಕೇಳಿದೆ."

"ಮತ್ತೆ ಅಲ್ಲಿ, ಅವರೆಲ್ಲರ ಮುಂದೆ ಯಾಕೆ ಹೇಳಿದ್ರಿ?"

ವಿಲ್ಫ್ ಮೊಣಕಾಲು ಉಜ್ಜಿಕೊಂಡ. "ಅವಳು ಏನಂತಿದ್ಲು, ಏನಂತಿದ್ಲು ಅಂತ ಎಲ್ಲರೂ ತಮತಮದೇ ಅವಳ ಬಾಯಿಗೆ ತುರುಕ್ತಿದ್ರು. ಅವಳಂದಿದ್ದು ಅದು. ನನಗೆ ಅಂತ ಅಂದಿದ್ದು. ಅದಕ್ಕೇ ಹೇಳಿದೆ." ಆಮೇಲೆ ಮೆಲ್ಲಗೆ, "ಆದ್ರೆ ಅದೇ ಅವಳ ಮನಸ್ಸಲ್ಲಿತ್ತಾ, ನನಗೆ ನೋವಾಗದಿರ್ಲಿ ಅಂತ ಅಂದ್ಲಾ, ಅದು ನನಗೆ ಗೊತ್ತಿಲ್ಲ."

ಒಲೆಯ ಬೆಂಕಿ ಜೋರಾಯಿತು.

"ವಿಟ್ಬಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಹೇಳಿದ್ಲಾ ನಿನಗೆ?"

"ಇಲ್ಲ."

"ಮದುವೆಯಾಗಿ ಒಂಬತ್ತನೇ ವರ್ಷ. ಹೋಟೆಲಿನ ದೊಡ್ಡ ಅಡುಗೆಮನೆ, ಅವಳೇ ಮೇಲಿನವಳು. ಒಲೆ ಮುಂದೆ ನಿಂತರೆ ಸಮುದ್ರ ಕಾಣುತ್ತಂತೆ. ನೋಡಿಕೊಂಡು ಬಂದ ದಿನ ಈ ಕೋಣೆ ತುಂಬ ಓಡಾಡ್ತಾ ಹೇಳಿದ್ಲು. ನಾನು ಬೇಡ ಅನ್ನಲಿಲ್ಲ, ಥೆಲ್ಮಾ. ಬೇಡ ಅಂತ ಒಂದು ಮಾತೂ ಅನ್ನಲಿಲ್ಲ. ಮೂರು ದಿನ ಮಾತೇ ಆಡಲಿಲ್ಲ, ಅಷ್ಟೇ. ನಾಲ್ಕನೇ ದಿನ ಅವಳು ಆಗೋಲ್ಲ ಅಂತ ಕಾಗದ ಬರೆದ್ಲು. ಆಮೇಲೆ ನಾನು ಮಾತಾಡಿದೆ."

ಥೆಲ್ಮಾ ಎದ್ದು ಖಾನೆ ಎಳೆದಳು. ಲೀಡ್ಸ್‌ನಲ್ಲಿ ಅಚ್ಚಾದ ಪ್ರತಿಯಲ್ಲ, ಚೀಲದಿಂದ ಎಳೆದ ಹಳೆಯದೇ. ಬೆನ್ನಿಗೆ ಅಡುಗೆಮನೆಯ ಬಿಳಿ ಟೇಪು ಅಂಟಿಸಿತ್ತು. ಕನ್ನಡಕ ಒರೆಸಿಕೊಂಡು ಕೊನೆಯ ಅಧ್ಯಾಯ ತೆಗೆದಳು. ಅಂಚಿನಲ್ಲಿ ಎಲ್ಲೂ ಒಂದು ಗೀರಿಲ್ಲ, ಗುರುತಿಲ್ಲ.

ಓದಿದಳು. ಅವಳದು ಓದುವ ಧ್ವನಿಯಲ್ಲ. ಬಸ್ಸಿನ ವೇಳೆ ಹೇಳುವ ಹಾಗೆ ಚಪ್ಪಟೆಯಾಗಿ ಓದಿದಳು. ಗಂಡ ಸರ್ ಜೆರ್ವಾಸ್ ಹಾಸಿಗೆಯಿಂದ ಕರೆದ. ಹಾನರ್ ಮೆಟ್ಟಿಲಿಳಿದಳು. ಮೊದಲನೆಯವಳು ಸತ್ತ ಕೋಣೆಯ ಮುಂದೆ ಒಂದು ಕ್ಷಣ ನಿಂತಳು. ಅವನು ಮತ್ತೆ ಕರೆದ, ಅವಳ ಹೆಸರು, ತನ್ನ ತಾಯಿಯ ಹೆಸರು, ದೇವರ ಹೆಸರು. ಗೇಟು ದಾಟಿ ಅವಳು ಬಯಲಿಗಿಳಿದಳು. ಮಹಲಿನಲ್ಲಿ ಉಳಿದಿದ್ದ ಒಂದೇ ಕಿಟಕಿಯಿಂದ ಅವನು ನೋಡುತ್ತಲೇ ಇದ್ದ. ಲಾಟೀನು ಕಡಲೆಕಾಳಷ್ಟಾಯಿತು, ಸೂಜಿಮೊನೆಯಷ್ಟಾಯಿತು.

ಹಾಳೆ ತಿರುಗಿಸಿದಾಗಲೆಲ್ಲ ವಿಲ್ಫನ ತಲೆ ತುಸು ಅತ್ತ ವಾಲುತ್ತಿತ್ತು.

"ಮುಂದೆ?"

"ಅಷ್ಟೇ. ಮುಗೀತು."

"ಎಲ್ಲಿಗೆ ಹೋದ್ಲು ಅಂತ ಇಲ್ವಾ?"

"ಇಲ್ಲ ವಿಲ್ಫ್."

ಅವನು ಹೂಂ ಎಂದ. ಗಲ್ಲ ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ. "ಚೆನ್ನಾಗಿ ಓದಿದೆ," ಎಂದ. "ಕತ್ತಲಾಗೋ ಮುಂಚೆ ಹೊರಡಮ್ಮ. ನಿನಗೂ ಸಾಕಾಗಿದೆ."

ಥೆಲ್ಮಾ ಪುಸ್ತಕವನ್ನು ಅವನ ಕೈಗೆಟಕುವಲ್ಲಿ ಇಟ್ಟು, ನಾಳೆ ಸೂಪು ತರುತ್ತೇನೆಂದು ಹೇಳಿ, ಕೋಟಿನ ಗುಂಡಿ ಹಾಕಿಕೊಂಡಳು. ಬೇಡವೆಂದರೂ ಕೇಳದೆ ಅವನು ಗೋಡೆ ತಡವುತ್ತ ಬಾಗಿಲ ತನಕ ಬಂದ. ಮಾರ್ಚಿನ ಸಂಜೆ, ಬಯಲಿನ ಕಡೆಯಿಂದ ಚೂಪು ಗಾಳಿ. ಅವಳು ಸೊಂಟ ಹಿಡಿದುಕೊಂಡು ಇಳಿಜಾರು ಇಳಿದಳು. ಬಾಗಿಲು ಹಾಕಿದ ಸದ್ದು ಕೇಳಲಿಲ್ಲ.

ತಿರುವಿನಲ್ಲಿ ನಿಂತು ನೋಡಿದಳು. ಬಾಗಿಲು ಪೂರ್ತಿ ತೆರೆದೇ ಇತ್ತು. ಒಳಗಿನ ಬೆಳಕು ಮೆಟ್ಟಿಲ ಮೇಲೆ ಚೆಲ್ಲಿತ್ತು. ವಿಲ್ಫ್ ಬರಿಯ ಅಂಗಿಯಲ್ಲಿ, ಬಾಗಿಲನ್ನು ಅಂಗೈಯಿಂದ ಹಿಂದಕ್ಕೆ ಒತ್ತಿ ಹಿಡಿದು, ಒಳಗಿನಿಂದ ಒಬ್ಬರು ಹೊರಗೆ ದಾಟಿ ಹೋಗುವಷ್ಟು ಜಾಗ ಬಿಟ್ಟು, ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ.