ಸನೋಬರ್ ಆರಿಸಿಕೊಂಡ ಕಾಲೇಜು

ನಡೆಯುತ್ತ ಮಾತನಾಡುವುದು ಸನೋಬರಳಿಂದ ಆಗದ ಕೆಲಸ. ಬೀಸುಗಾಲು ಹಾಕಿಕೊಂಡು ಎಲ್ಲರಿಗಿಂತ ಮುಂದೆ ಹೋಗುವವಳು, ಯಾರಾದರೂ ಏನಾದರೂ ಕೇಳಿದರೆ, ಅದು ದಾವಣಗೆರೆಯ ಮಂಡಿಪೇಟೆಯ ನಡುಬೀದಿಯೇ ಆಗಿರಲಿ, ಗಕ್ಕನೆ ನಿಂತುಬಿಡುತ್ತಾಳೆ. ಹಿಂದಿನ ಸ್ಕೂಟರಿನವನು ಗೊಣಗುತ್ತ ಬಳಸಿಕೊಂಡು ಹೋಗುತ್ತಾನೆ. ಇವಳು ಹುಬ್ಬು ಗಂಟಿಕ್ಕಿ, ಹೇಳಬೇಕಾದುದನ್ನು ಮನಸ್ಸಿನಲ್ಲೇ ಒಮ್ಮೆ ತೂಗಿ ನೋಡಿ, ಅನಂತರವಷ್ಟೇ ಬಾಯಿ ತೆರೆಯುತ್ತಾಳೆ. ಆಗಲೂ ಹೊರಬರುವುದು ಹೆಚ್ಚಾಗಿ ಉತ್ತರವಲ್ಲ, ಇನ್ನೊಂದು ಪ್ರಶ್ನೆ. "ಅದು ಖರೆ, ಆಮ್ಯಾಲೆ?" ಎಂಬುದು ಅವಳ ಮಾತಿನ ಪಲ್ಲವಿ. "ಇವಳ ನಿಕಾಹ್‌ನಾಗೆ ಖಾಜಿ ಕಬೂಲಾ, ಒಪ್ಪಿಗೇನಾ ಅಂತ ಕೇಳಿದ್ರೂ ಆಮ್ಯಾಲೆ ಅಂತಾಳೆ" ಎಂದು ತಾಯಿ ಸಿದ್ದೀಕಾ ನೆಂಟರ ಮುಂದೆ ನಿಟ್ಟುಸಿರಿಡುವುದುಂಟು.

ತಂದೆ ಮೌಲಾ ಸಾಬ್ ಅವರದು ಮಂಡಕ್ಕಿ ಹುರಿಯುವ ಭಟ್ಟಿ. ಸನೋಬರ್ ಹೈಸ್ಕೂಲಿನಲ್ಲಿದ್ದಾಗ, ಭಟ್ಟಿ ವಿಸ್ತರಿಸಲು ತಂದೆ ಕೇಳಿದ ಸಾಲಕ್ಕಾಗಿ ಬ್ಯಾಂಕಿನ ಅಧಿಕಾರಿಯೊಬ್ಬರು ಪರಿಶೀಲನೆಗೆಂದು ಬಂದರು. ಒಲೆಯಲ್ಲಿ ಉರಿಯುವ ಹೊಟ್ಟಿನ ಹೊಗೆಗೆ ಕರವಸ್ತ್ರವನ್ನು ಮೂಗಿಗೆ ಹಿಡಿದು ಬಾಗಿಲಲ್ಲೇ ನಿಂತು, ಹಾಗೆಯೇ ಹಿಂದಿರುಗಿದರು. ಸಾಲ ಸಿಗಲಿಲ್ಲ. "ಒಳಗೇ ಬರ್ಲಿಲ್ಲ, ಏನು ನೋಡಿದ್ರು ಅವ್ರು?" ಎಂದು ಅವಳು ಮನೆಯಲ್ಲಿ ಎಲ್ಲರನ್ನೂ ಕೇಳಿದಳು. ಹಣಕಾಸಿನ ವಿದ್ಯೆಯ ಮೇಲೆ ಅವಳ ಮನಸ್ಸು ನೆಟ್ಟದ್ದು ಆಗಲೇ: ಯಾವ ಉದ್ಯಮ ಸಾಲಕ್ಕೆ ಯೋಗ್ಯ, ಯಾವುದು ಅಲ್ಲ ಎಂದು ನೋಡಿ ಹೇಳುವವಳು ತಾನಾಗಬೇಕು.

ಪಿಯುಸಿ ಮುಗಿದಾಗ ಎರಡು ಕಡೆ ಸೀಟು ಸಿಕ್ಕಿತು. ಒಂದು, ಪುಣೆಯ ಹೆಸರಾಂತ ಬಿಸಿನೆಸ್ ಸ್ಕೂಲಿನಲ್ಲಿ ಬಿಬಿಎ; ಇನ್ನೊಂದು, ಮೈಸೂರಿನ ಹಳೆಯ ಕಾಲೇಜೊಂದರಲ್ಲಿ ಫೈನಾನ್ಸ್ ವಿಷಯದ ಬಿ.ಕಾಂ. ಮೌಲಾ ಸಾಬರಿಗೆ ಸಂದೇಹವೇ ಇರಲಿಲ್ಲ. ಪುಣೆಯ ಸುದ್ದಿ ಬಂದ ಸಂಜೆಯೇ ಭಟ್ಟಿಗಲ್ಲಿಗೆಲ್ಲ ಬೂಂದಿ ಹಂಚಿಬಿಟ್ಟರು. ಮಗಳು ಮಾತ್ರ ಅಣ್ಣ ಅಬ್ರಾರನನ್ನು ಕರೆದುಕೊಂಡು ಎರಡನ್ನೂ ನೋಡಲು ಹೊರಟಳು.

ಪುಣೆಯ ಗಾಜಿನ ಕಟ್ಟಡದಲ್ಲಿ ಟೈ ಕಟ್ಟಿದ ತರುಣನೊಬ್ಬ, ಕೆಲಸ ಸಿಕ್ಕವರ ಭಾವಚಿತ್ರಗಳ ಗೋಡೆಯನ್ನು ತೋರಿಸಿದ. ಇವರೆಲ್ಲ ಮಾಡುವ ಕೆಲಸವೇನು ಎಂದು ಅವಳು ಹಿಂದಿಯಲ್ಲಿ ಕೇಳಿದಳು. ಫೈನಾನ್ಸ್, ಎಂದನಾತ. ಫೈನಾನ್ಸಿನಲ್ಲಿ ಏನು, ಎಂದಳು. ಅವನು ನಗುತ್ತ ಗ್ರಂಥಾಲಯದ ಕಡೆ ಕರೆದೊಯ್ದ.

ಊರಿಗೆ ಮರಳಿದವಳು, ಪುಣೆಯ ಅದೇ ಬಿಸಿನೆಸ್ ಸ್ಕೂಲಿನಲ್ಲಿ ಓದಿ ಹರಿಹರದ ಖಾಸಗಿ ಸಾಲ ಸಂಸ್ಥೆಯೊಂದರಲ್ಲಿದ್ದ ಕುಕ್ಕುವಾಡದ ಹನುಮೇಶನನ್ನು ಹುಡುಕಿಕೊಂಡು ಹೋದಳು.

"ಸುಳ್ಳು ಹೇಳಂಗಿಲ್ಲ" ಎಂದ ಅವನು. "ಆ ಹೆಸ್ರು ಇಲ್ದಿದ್ರೆ ನನ್ನನ್ನ ಇಂಟರ್‌ವ್ಯೂಗೂ ಕರೀತಿರ್ಲಿಲ್ಲ. ಆದ್ರೆ ಅಲ್ಲಿ ಮಾತಾಡಾದು ಕಲಿಸಿದ್ರು, ಚಂದ ಕಾಣಾದು ಕಲಿಸಿದ್ರು. ಈ ಕಂಪನಿ ಉಳಿತೈತೋ ಮುಳುಗ್ತೈತೋ ನೋಡಿ ಹೇಳು ಅಂತ ಯಾರೂ ಕೇಳ್ಲಿಲ್ಲ. ಈಗ ದಿನಾ ಫೋನ್ ಹಚ್ಚಿ ಸಾಲ ಬೇಕೇನ್ರಿ ಅಂತೀನಿ."

ಮೈಸೂರಿನಲ್ಲಿ ಕಂಡದ್ದು ಬೇರೆ. ಸುಣ್ಣ ಉದುರಿದ ಕೊಠಡಿಯಲ್ಲಿ ಅಧ್ಯಾಪಕಿಯೊಬ್ಬರು ಮುಚ್ಚಿಹೋದ ಹೆಂಚಿನ ಕಾರ್ಖಾನೆಯೊಂದರ ಲೆಕ್ಕಪತ್ರವನ್ನು ಅಂತಿಮ ವರ್ಷದವರ ಮುಂದಿಟ್ಟು, "ನೀವಾಗಿದ್ದರೆ ಸಾಲ ಕೊಡುತ್ತಿದ್ದಿರಾ?" ಎಂದು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತಿದ್ದರು. ಸನೋಬರ್ ಅನುಮತಿ ಪಡೆದು ಹಿಂದಿನ ಬೆಂಚಿನಲ್ಲಿ ಕುಳಿತವಳು ಪಾಠ ಮುಗಿಯುವವರೆಗೂ ಏಳಲಿಲ್ಲ. ದೊಡ್ಡ ಕಂಪನಿಗಳು ಇಲ್ಲಿಗೆ ಬರುವುದಿಲ್ಲ, ನೀವೇ ಹೋಗಿ ಬಾಗಿಲು ತಟ್ಟಬೇಕು ಎಂದು ಪ್ರಾಂಶುಪಾಲರು ಮುಚ್ಚುಮರೆಯಿಲ್ಲದೆ ಹೇಳಿದರು.

ಭಟ್ಟಿಯಲ್ಲಿ ತಂದೆಯೆದುರು ನಿಂತು ಅವಳು ತನ್ನ ತೀರ್ಮಾನ ತಿಳಿಸಿದಳು. ಕಾದ ಮರಳಿನಲ್ಲಿ ಅಕ್ಕಿ ತಿರುವುತ್ತಿದ್ದ ಮೌಲಾ ಸಾಬರ ಕೈ ನಿಂತಿತು.

"ಗಲ್ಲಿಗೆಲ್ಲ ಹೇಳೀನಿ. ಈಗ ಏನಂತ ಮುಖ ತೋರಿಸ್ಲಿ?"

ಅವಳು ಹುಬ್ಬು ಗಂಟಿಕ್ಕಿದಳು. "ಹೆಸ್ರು ನೋಡಿ ಬಾಗಿಲು ತೆಗೀತಾರೆ, ಅದು ಖರೆ ಅಬ್ಬಾ. ಒಳಗ ಹೋದ್ಮ್ಯಾಲೆ ಕೆಲ್ಸ ಬರ್ಬೇಕಲ್ಲ."

ಮಂಡಕ್ಕಿ ಸೀದ ವಾಸನೆ ಬಂದ ಮೇಲೆಯೇ ಅವರು ಮತ್ತೆ ಮರಳು ಸೋಸುವ ಜಾಲರಿ ಎತ್ತಿದ್ದು. ಅವಳು ಊರು ಬಿಡುವವರೆಗೂ ಮಗಳೊಡನೆ ಅವರ ಮಾತೆಲ್ಲ ಸಿದ್ದೀಕಾ ಮುಖಾಂತರವೇ ನಡೆಯಿತು. ಕೇಳಿದವರಿಗೆ "ಪುಣೆ ಸೀಟು ತಡ ಆಗಿ ಹೋತು" ಎನ್ನುತ್ತಿದ್ದರು. ಆ ಸುಳ್ಳು ಮಗಳ ಕಿವಿಗೂ ಬಿತ್ತು. ಅವಳು ಅದನ್ನು ತಿದ್ದಲಿಲ್ಲ.

ಮುಂದೆ ನಡೆದದ್ದು ಯಾರ ಪಕ್ಷಕ್ಕೂ ಪೂರ್ತಿ ಒಲಿಯಲಿಲ್ಲ. ಪುಣೆಗೆ ಹೋದ ಪಿಯುಸಿ ಸಹಪಾಠಿ ಶೋಭಾರಾಣಿ ಪದವಿ ಮುಗಿಯುತ್ತಲೇ ಮುಂಬಯಿಯ ದೊಡ್ಡ ಬ್ಯಾಂಕು ಸೇರಿ, ಒಳ್ಳೆಯ ಹೆಸರನ್ನೂ ಗಳಿಸಿದಳು. ಸನೋಬರ್ ಒಂದಿಡೀ ಮಳೆಗಾಲ, ಒಂದಿಡೀ ಚಳಿಗಾಲ ಬಾಗಿಲು ತಟ್ಟಿದಳು. ಕಾಲೇಜಿನ ಹೆಸರು ಕೇಳಿಯೇ ಅರ್ಜಿಯನ್ನು ಬದಿಗಿಟ್ಟವರುಂಟು. ಕೊನೆಗೆ ದಾವಣಗೆರೆಯ ಸಹಕಾರಿ ಬ್ಯಾಂಕೊಂದರ ಸಾಲ ಪರಿಶೀಲನಾ ವಿಭಾಗದಲ್ಲಿ ಕೆಲಸವಾಯಿತು. "ಪುಣೆ ಆಗಿದ್ರೆ ಈ ಅಲೆದಾಟ ಇರ್ತಿರ್ಲಿಲ್ಲ" ಎಂದು ಅವಳೇ ಹೇಳುತ್ತಾಳೆ.

ಕಳೆದ ವರ್ಷ ಹರಿಹರದ ಲೇತ್ ಕಾರ್ಖಾನೆಯ ಚೌಡೇಶ್, ಮೌಲಾ ಸಾಬರ ಹಳೆಯ ಸ್ನೇಹಿತ, ಹೊಸ ಯಂತ್ರಕ್ಕೆ ಸಾಲ ಕೇಳಿದ. ಅವಳು ಕಾರ್ಖಾನೆಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಕುಳಿತು ನೋಡಿ, ಬೇಡವೆಂದಳು. "ಒಬ್ನೇ ಗಿರಾಕಿ ನಂಬ್ಕೊಂಡು ನಡಿತೈತ್ರಿ ನಿಮ್ದು. ಅವ್ನು ಬಿಟ್ರೆ ಸಾಲ ತೀರ್ಸೋದು ಹೆಂಗೆ? ಇನ್ನಿಬ್ರು ಗಿರಾಕಿ ಹಿಡಕೊಂಡು ಬರ್ರಿ, ನಾನೇ ಶಿಫಾರಸು ಬರ್ದು ಕೊಡ್ತೀನಿ."

ಚೌಡೇಶ್ ನೇರ ಭಟ್ಟಿಗೆ ಬಂದು ದೂರಿದ. ಮೌಲಾ ಸಾಬ್ ಎಲ್ಲವನ್ನೂ ಕೇಳಿಸಿಕೊಂಡು, ಕೂರಲು ಸ್ಟೂಲು ಎಳೆದುಕೊಟ್ಟು ಹೇಳಿದರು: "ಆಕಿ ಮೈಸೂರಾಗೆ ಓದ್ಯಾಳ್ರಿ. ಅಲ್ಲಿ ಹಂಗೇ ಕಲಿಸ್ತಾರೆ."

ಸನೋಬರಳಂಥವರು ತಮ್ಮ ಆಯ್ಕೆಯೇ ಶ್ರೇಷ್ಠವೆಂದು ಸಾಧಿಸಲು ಹೊರಡುವುದಿಲ್ಲ. ಕಳೆದುಕೊಂಡದ್ದನ್ನು ಕಳೆದುಕೊಂಡೆವೆಂದೇ ಒಪ್ಪುತ್ತಾರೆ, ಆದರೆ ಅದರ ಕೊರಗನ್ನು ಮಾಡುವ ಕೆಲಸಕ್ಕೆ ತಾಗಗೊಡುವುದಿಲ್ಲ. ಅವರೊಡನೆ ಬಾಳುವುದು ಮನೆಯವರಿಗೆ ಸುಲಭವಲ್ಲ. ಅವರ ನೇರ ನುಡಿಯನ್ನು ಪ್ರೀತಿಯೆಂದು ಗುರುತಿಸಲು ನಮಗೆ ಕೆಲವು ವರ್ಷಗಳೇ ಹಿಡಿಯುತ್ತವೆ.