ಬೇಗಡೆ ಸುತ್ತಿದ ಫ್ಯೂಸು

ಕ್ಲಿಫರ್ಡ್ ಪಂಪಿನ ಮೇಲೆ ಕೈಯಿಟ್ಟು ನೋಡಿದ. ಜೀವವೇ ಇರಲಿಲ್ಲ. ಕೆಳಗೆ ಅಡುಗೆಮನೆಯ ಬಾಯ್ಲರ್ ತನ್ನ ಪಾಡಿಗೆ ತಾನು ನೀರು ಕಾಯಿಸಿಟ್ಟಿತ್ತು. ಆ ನೀರನ್ನು ಕೋಣೆಕೋಣೆಯನ್ನೂ ಬೆಚ್ಚಗಿಡುವ ರೇಡಿಯೇಟರಿಗೆ ತಳ್ಳಬೇಕಾದ ಪಂಪು ಮಾತ್ರ ಮುಷ್ಕರ ಹೂಡಿತ್ತು.

"ಏನಾಯ್ತೋ?" ಬಾಗಿಲಲ್ಲಿ ನಿಂತ ತಂಗಿ ನೋರೀನ್ ಕೇಳಿದಳು. "ಮೂರು ಗಂಟೆಗೆ ಅವಳು ಬಂದುಬಿಡ್ತಾಳೆ ಕಣೋ."

"ಗೊತ್ತು ಮಾರಾಯ್ತಿ. ಬೆಳಗಿಂದ ಅದೇ ರಾಗ ಹಾಡ್ತಿದೀಯ."

ಅವಳೆಂದರೆ ಮಕ್ಕಳ ಇಲಾಖೆಯ ಗಿಲಿಯನ್ ಥ್ವೇಟ್. ನೋರೀನಳ ಮಗಳು ಮಾದಕ ಚಟಕ್ಕೆ ಬಿದ್ದು, ಹೆತ್ತ ಕೂಸನ್ನು ಆಸ್ಪತ್ರೆಯಲ್ಲೇ ಬಿಟ್ಟು ಹೋಗಿದ್ದಳು. ಅಂದಿನಿಂದ ಆ ಕೂಸು, ಎಲ್ಸಿ, ಇಲಾಖೆ ಗೊತ್ತುಮಾಡಿದ ಬೇರೆ ಯಾರದೋ ಮನೆಯಲ್ಲಿ ಬೆಳೆಯುತ್ತಿತ್ತು. ಅಜ್ಜಿಯ ಮನೆ ಮಗುವಿಗೆ ತಕ್ಕದ್ದೋ ಅಲ್ಲವೋ ಎಂದು ಥ್ವೇಟ್ ಇವತ್ತು ಕೊನೆಯ ಸಲ ನೋಡಿ ವರದಿ ಕೊಡಬೇಕು, ಸೋಮವಾರ ಕೋರ್ಟು. ತಕ್ಕದ್ದಲ್ಲ ಎಂದರೆ ದತ್ತು ತೆಗೆದುಕೊಳ್ಳಲು ದಕ್ಷಿಣದ ಕಡೆಯ ದಂಪತಿ ತುದಿಗಾಲಲ್ಲಿ ನಿಂತಿದ್ದರು. ಹೋದ ಸಲ ಬಂದಾಗ ಥ್ವೇಟ್ ತೊಟ್ಟಿಲ ಕೋಣೆಯ ಗೋಡೆ ಮುಟ್ಟಿ, "ಸ್ವಲ್ಪ ತಂಡಿ ಅಲ್ವಾ?" ಎಂದಿದ್ದಳು. ಆ ಒಂದು ಮಾತು ನೋರೀನಳ ನಿದ್ದೆ ಕೆಡಿಸಿತ್ತು.

ರಿಪೇರಿಯವನಿಗೆ ಫೋನು ಮಾಡಿದರೆ ಅವನೂ ಸೋಮವಾರವೇ ಬರುವುದಂತೆ. ಕ್ಲಿಫರ್ಡನಿಗೆ ಒಳಗೊಳಗೇ ಖುಷಿಯಾಗಿತ್ತು ಅಂದರೆ ಸುಳ್ಳಲ್ಲ. ಆ ಲ್ಯಾಂಕಶೈರಿನ ಬೀದಿಯಲ್ಲಿ ಮನೆಯ ಸಣ್ಣಪುಟ್ಟ ಕೆಲಸಕ್ಕೆ ಹೊರಗಿನವರನ್ನು ಕರೆಯುವುದೆಂದರೆ ಗಂಡಸರಿಗೆ ತಲೆತಗ್ಗಿಸುವ ವಿಷಯ. ಜೀವಮಾನವೆಲ್ಲ ಟಪಾಲು ಹಂಚಿದ ಕ್ಲಿಫರ್ಡನ ಹತ್ತಿರವೂ ಒಂದು ಸ್ಕ್ರೂಡ್ರೈವರ್ ಪೆಟ್ಟಿಗೆ, ಅದಕ್ಕೂ ದೊಡ್ಡದಾದ ಧೈರ್ಯ ಇದ್ದವು.

ಪಂಪು ಇದ್ದದ್ದು ತೊಟ್ಟಿಲ ಕೋಣೆಯ ಗೋಡೆಗೂಡಿನಲ್ಲಿ. ಅದರ ಮೇಲೆ ಮರದ ಪಟ್ಟಿಗಳ ಹಲಗೆ. ಬಿಸಿ ಕೊಳವೆಗಳ ಕಾವಿಗೆ ಒಗೆದ ಬಟ್ಟೆ ಆರಲಿ ಎಂದು ಬೀದಿಯ ಹೆಂಗಸರೆಲ್ಲ ಬಟ್ಟೆ ಹರವುತ್ತಿದ್ದದ್ದು ಇಂಥ ಗೂಡಿನಲ್ಲೇ. ಅಣ್ಣನ ಕೆಲಸಕ್ಕೆ ಅಡ್ಡಿಯಾಗದಿರಲಿ ಎಂದು ನೋರೀನ್ ಅದನ್ನು ಆಗಲೇ ಖಾಲಿ ಮಾಡಿದ್ದಳು.

ಅವನು ಸ್ವಿಚ್ಚು ಆರಿಸಿ ಫ್ಯೂಸು ಬಿಚ್ಚಿದ. ಸುಟ್ಟಿತ್ತು. ಹೊಸದು ಹಾಕಿದರೆ ಪಂಪು ಗುಂಯ್ ಎಂದಿತು, ಅವನು ಮೆಟ್ಟಿಲಿಳಿದು ಬಡಾಯಿ ಕೊಚ್ಚುವಷ್ಟರಲ್ಲಿ ಅದೂ ಹೋಯಿತು. ಉಳಿದಿದ್ದ ಇನ್ನೊಂದಕ್ಕೂ ಅದೇ ಗತಿ. ಪಂಪಿನ ಮೂತಿಗೆ ಸ್ಕ್ರೂಡ್ರೈವರ್ ಕೊಟ್ಟು ತಿರುಗಿಸಿದ, ಸಲೀಸಾಗಿ ತಿರುಗಿತು. ಅಂದರೆ ಒಳಗೇನೂ ಸಿಕ್ಕಿಕೊಂಡಿಲ್ಲ, ಕರೆಂಟೇ ಎಲ್ಲೋ ದಾರಿ ತಪ್ಪುತ್ತಿದೆ. ತಂತಿಗಳು ಸೇರುವ ಪುಟ್ಟ ಡಬ್ಬಿಯ ಮುಚ್ಚಳ ತೆಗೆದು ನೋಡಬೇಕು. ಮುಚ್ಚಳದ ತಿರುಪು ತುಕ್ಕು ಹಿಡಿದಿತ್ತು. ಬಲವಾಗಿ ತಿರುಗಿಸಿದ್ದಕ್ಕೆ ಅದರ ತಲೆ ಸವೆದುಹೋಯಿತು.

"ಎರಡೂವರೆ ಆಯ್ತು," ಎಂದಳು ನೋರೀನ್.

ಥ್ವೇಟಳಿಗೆಂದು ಟ್ರೇಯಲ್ಲಿ ಜೋಡಿಸಿದ್ದ ಚಾಕೊಲೇಟ್ ಬಿಸ್ಕತ್ತಿನ ಮೇಲೆ, ಕೆಳಗಿಳಿದು ಬಂದ ಕ್ಲಿಫರ್ಡನ ಕಣ್ಣು ಬಿತ್ತು. ಒಂದನ್ನು ಬಿಚ್ಚಿ, ಬೇಗಡೆ ಕಾಗದವನ್ನು ಸುಟ್ಟ ಫ್ಯೂಸಿಗೆ ಬಿಗಿಯಾಗಿ ಸುತ್ತಿದ.

"ಅಪ್ಪ ಹೀಗೇ ಮಾಡ್ತಿದ್ದ."

"ಅಪ್ಪ ಹಿತ್ತಲ ಶೆಡ್ಡು ಸುಟ್ಟದ್ದೂ ಹೀಗೇ ತಾನೆ?"

"ಅದು ಅವನ ಚುಟ್ಟದ ಕಿಡಿ. ಸುಮ್ನಿರು, ಸೋಮವಾರದವರೆಗೆ ಎಳೆದರೆ ಸಾಕು."

ಪಂಪು ಓಡಿತು. ಈ ಸಲ ನಿಲ್ಲಲಿಲ್ಲ. ರೇಡಿಯೇಟರುಗಳು ಒಂದೊಂದಾಗಿ ಬಿಸಿಯಾದವು. ನೋರೀನ್ ಅಣ್ಣನ ಬೋಳು ತಲೆಗೆ ಮುತ್ತು ಕೊಟ್ಟು, ಮತ್ತೆ ಮೇಲಕ್ಕೆ ಓಡಿ ಏನೇನೋ ಓರಣ ಮಾಡಿ ಬಂದಳು.

ಥ್ವೇಟ್ ಬಂದಳು, ಚಹಾ ಕುಡಿದಳು, ಬಿಸ್ಕತ್ತು ಬಿಚ್ಚಿ ತಿಂದಳು. ರೇಡಿಯೇಟರ್ ಮುಟ್ಟಿ ನಕ್ಕಳು. "ಈಗ ಎಷ್ಟು ಹಿತವಾಗಿದೆ, ಮಿಸೆಸ್ ಹಾರ್ಟ್ಲಿ! ಮಗುವಿನ ಕೋಣೆ ಒಮ್ಮೆ ನೋಡಿಬಿಡ್ತೀನಿ."

ಮೇಲೆ ಹೋದವಳು ತೊಟ್ಟಿಲ ಬಳಿ ನಿಂತು ಮೂಗರಳಿಸಿದಳು. ಪ್ಲಾಸ್ಟಿಕ್ ಸುಟ್ಟ ವಾಸನೆ. ಗೂಡಿನ ಬಾಗಿಲು ತೆಗೆದರೆ ಒಳಗಿಂದ ಕರಿಹೊಗೆ. ಕ್ಲಿಫರ್ಡ್ ನುಗ್ಗಿ ಸ್ವಿಚ್ಚು ಆರಿಸಿದ. ಫ್ಯೂಸಿನ ಮನೆ ಕಪ್ಪಾಗಿ ಬಾಯ್ದೆರೆದಿತ್ತು. ಬೇಗಡೆ ಇನ್ನೂ ಮಿಂಚುತ್ತಿತ್ತು.

"ಇದು..." ಎಂದು ಥ್ವೇಟ್ ತನ್ನ ಕೈಯಲ್ಲೇ ಉಳಿದಿದ್ದ ಬಿಸ್ಕತ್ತಿನ ಕಾಗದ ನೋಡಿದಳು. ಆಮೇಲೆ ತೊಟ್ಟಿಲನ್ನು ನೋಡಿದಳು. "ಕ್ಷಮಿಸಿ, ಮಿಸೆಸ್ ಹಾರ್ಟ್ಲಿ. ಕಂಡದ್ದನ್ನ ನಾನು ಬರೀಲೇಬೇಕು. ಮಗು ಇಲ್ಲಿ ಮಲಗಿದ್ದಿದ್ರೆ..."

ಅವಳು ಕೆಟ್ಟವಳಲ್ಲ. ಹೊರಟಾಗ ಅವಳ ಕಣ್ಣೂ ಒದ್ದೆಯಾಗಿತ್ತು. ಅದರಿಂದ ಯಾರಿಗೇನು ಪ್ರಯೋಜನ?

ನೋರೀನ್ ಕೆಳಗೆ ಮೆಟ್ಟಿಲ ಮೇಲೆ ಕುಸಿದು ಕೂತಳು. ಅವಳ ಅಳು ಕೇಳಲಾಗದೆ ಕ್ಲಿಫರ್ಡ್ ಟಾರ್ಚು ಹಿಡಿದು ಗೂಡಿನೊಳಗೆ ತಲೆ ತೂರಿಸಿದ. ಸುಟ್ಟು ಸಡಿಲಾದ ತಂತಿಡಬ್ಬಿಯ ಮುಚ್ಚಳ ಈಗ ಬೆರಳಿಗೇ ಬಂತು. ಒಳಗೆ ನೀರು ನಿಂತಿತ್ತು, ಕರೆಂಟು ದಾರಿ ತಪ್ಪಿದ್ದು ಅದರಿಂದಲೇ. ಕೊಳವೆ ಸೋರುತ್ತಿರಲಿಲ್ಲ. ಎಲ್ಲಿಂದ ಬಂತು ಎಂದು ನೋಡುತ್ತಿದ್ದಂತೆ ಅವನ ಕತ್ತಿನ ಮೇಲೆ ಒಂದು ಹನಿ ಬಿತ್ತು.

ಟಾರ್ಚು ಮೇಲೆತ್ತಿದ. ಹಲಗೆಯಿಂದ ಹಳದಿ ಉಣ್ಣೆಯ ಹೊದಿಕೆ ಜೋತಾಡುತ್ತಿತ್ತು. ಎಲ್ಸಿಗೆಂದು ನೋರೀನ್ ಹೆಣೆದದ್ದು. ಉಣ್ಣೆ ಎಂದು ಯಂತ್ರಕ್ಕೆ ಹಾಕದೆ ಕೈಯಲ್ಲೇ ಒಗೆದಿದ್ದಳು. ಗಂಟು ಊದಿದ ಆ ಬೆರಳುಗಳಿಗೆ ಹಿಂಡಲು ಎಲ್ಲಿಯ ಶಕ್ತಿ? ನಿನ್ನೆಯಿಂದ ಅದು ಇಲ್ಲೇ ತೊಟ್ಟಿಕ್ಕಿರಬೇಕು. ಅವನಿಗಾಗಿ ತೆಗೆದಿಟ್ಟವಳು, ಪಂಪು ಓಡಿದ್ದೇ ತಡ, ಬೆಚ್ಚಗಾಗಲಿ ಎಂದು ಮತ್ತೆ ತಂದು ಹರವಿದ್ದಳು.

ಅವನು ಕರವಸ್ತ್ರದಿಂದ ಡಬ್ಬಿಯ ನೀರು ಒರೆಸಿದ. ಹೊದಿಕೆಯನ್ನು ಬಚ್ಚಲಿಗೆ ಒಯ್ದು ಹಿಂಡಿದ. ನೀರು ಇಳಿಯುತ್ತಲೇ ಇತ್ತು. ಆಮೇಲೆ ತಂದು, ಇನ್ನೂ ಉಗುರುಬೆಚ್ಚಗಿದ್ದ ರೇಡಿಯೇಟರಿನ ಮೇಲೆ ಹರವುತ್ತಿದ್ದಾಗ ನೋರೀನ್ ಮೇಲೆ ಬಂದಳು.

"ಅದನ್ಯಾಕೆ ಮುಟ್ತೀಯ? ಬಿಡು ಅದನ್ನ! ನಿನ್ನ ದರಿದ್ರ ಕಾಗದ ನನ್ನ ಕೂಸನ್ನ ಕಿತ್ಕೊಂಡುಬಿಡ್ತಲ್ಲೋ. ಅಸಲಿಗೆ ಕೆಟ್ಟಿದ್ದಾದರೂ ಏನು? ಅದಾದ್ರೂ ಗೊತ್ತಾಯ್ತಾ ನಿಂಗೆ?"

ಕ್ಲಿಫರ್ಡ್ ಒದ್ದೆ ಕರವಸ್ತ್ರವನ್ನು ಜೇಬಿನಲ್ಲಿ ಇನ್ನೂ ಒಳಕ್ಕೆ ತುರುಕಿದ.

"ಏನೂ ಕೆಟ್ಟಿರಲಿಲ್ಲ," ಎಂದ. "ನಾನೇ ಕೈಯಾಡಿಸಿ ಕೆಡಿಸಿದೆ."

"ಇನ್ಮೇಲೆ ನನ್ನ ಮನೆ ಮೆಟ್ಟಿಲು ಹತ್ತಬೇಡ."

"ಹತ್ತಲ್ಲ," ಎಂದು ಅವನು ಸ್ಕ್ರೂಡ್ರೈವರ್ ಪೆಟ್ಟಿಗೆ ಎತ್ತಿಕೊಂಡ.